1966ರ ಕಾರ್ವೆಟ್ ಮಾರಾಟಕ್ಕಿದೆ: ಕೊಳ್ಳಲಾ, ಬೇಡವಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಮೈಸೂರಿನವನು, ಅಮೆರಿಕದ ಓಹಾಯೋದಲ್ಲಿ ಕೆಲಸ. ಪಕ್ಕದ ಇಂಡಿಯಾನಾದಲ್ಲಿ 1966ರ ಶೆವರ್ಲೆ ಕಾರ್ವೆಟ್ ಸ್ಟಿಂಗ್ ರೇ ಕನ್ವರ್ಟಿಬಲ್ ಒಂದು ಮಾರಾಟಕ್ಕೆ ಬಂದಿದೆ. ನ್ಯಾಸೋ ಬ್ಲೂ ಬಣ್ಣ, 327 ಘನ ಇಂಚಿನ ಎಂಜಿನ್, 350 ಹಾರ್ಸ್‌ಪವರ್, ನಾಲ್ಕು ಗೇರ್. ಮೊದಲ ಮಾಲೀಕರ ಮಗ ಮಾರುತ್ತಿದ್ದಾರೆ. 61,000 ಮೈಲಿ ಓಡಿದೆ, ಬಣ್ಣ ಫ್ಯಾಕ್ಟರಿಯದೇ, 'ನಂಬರ್ಸ್ ಮ್ಯಾಚಿಂಗ್' ಕಾರು ಅನ್ನುತ್ತಾರೆ. 72,000 ಡಾಲರ್ ಹೇಳಿದ್ದಾರೆ. ಫೋಟೊದಲ್ಲಂತೂ ಕಾರು ತುಂಬಾ ಚೆನ್ನಾಗಿದೆ. ಈ ಬೆಲೆ ಸರಿಯಾ? ಏನೇನು ನೋಡಬೇಕು? ಅದೇ ದುಡ್ಡಿಗೆ ಹೊಸ ಕಾರ್ವೆಟ್ಟೇ ಬರುತ್ತಲ್ಲ ಅಂತ ಹೆಂಡತಿ ಕೇಳುತ್ತಿದ್ದಾಳೆ. ಮುಂದೆ ಊರಿಗೆ ವಾಪಸ್ ಹೋಗುವಾಗ ಕಾರನ್ನು ಜೊತೆಗೆ ತೆಗೆದುಕೊಂಡು ಹೋಗಬಹುದಾ? ಈ ವಾರವೇ 5,000 ಡಾಲರ್ ಅಡ್ವಾನ್ಸ್ ಕೊಡಿ ಅಂತಿದ್ದಾರೆ.

ಉತ್ತರ: ಮೊದಲು ಅಡ್ವಾನ್ಸ್ ವಿಷಯ. ಕಾರನ್ನು ಲಿಫ್ಟ್ ಮೇಲೆ ಹತ್ತಿಸಿ, ಅಡಿಯಿಂದ ನೋಡುವವರೆಗೆ ಒಂದು ಡಾಲರ್ ಕೂಡ ಕೊಡಬೇಡಿ. "ಇನ್ನೊಬ್ಬರು ಕಾಯುತ್ತಿದ್ದಾರೆ" ಅಂದರೆ ಅವರೇ ತೆಗೆದುಕೊಳ್ಳಲಿ ಬಿಡಿ. 1966ರಲ್ಲಿ ಒಟ್ಟು 27,720 ಕಾರ್ವೆಟ್ ತಯಾರಾದವು. ಅದರಲ್ಲಿ 17,762 ಕನ್ವರ್ಟಿಬಲ್, ಅಂದರೆ ಮೇಲಿನ ಹೊದಿಕೆ ಮಡಚುವಂಥವು. ನೀವು ಹೇಳುತ್ತಿರುವ 350 ಹಾರ್ಸ್‌ಪವರ್ ಎಂಜಿನ್‌ಗೆ ಎಲ್79 ಅಂತ ಹೆಸರು. ಆ ವರ್ಷ ಏಳು ಸಾವಿರಕ್ಕೂ ಜಾಸ್ತಿ ಕಾರುಗಳಿಗೆ ಅದನ್ನು ಹಾಕಿದ್ದರು. ಬಣ್ಣಗಳಲ್ಲಿ ಅತಿ ಹೆಚ್ಚು ಹೋಗಿದ್ದು ನ್ಯಾಸೋ ಬ್ಲೂನೇ. ಹಾಗಾಗಿ ಇಂಥ ಕಾರು ಇನ್ನೊಂದು ಸಿಕ್ಕೇ ಸಿಗುತ್ತದೆ. ಸಿಗದೇ ಇರುವುದು ಯಾವುದು ಅಂದರೆ, ಅರವತ್ತು ವರ್ಷ ಯಾರೂ ಬಿಚ್ಚಿ ಜೋಡಿಸದೆ, ಕತ್ತರಿಸಿ ಅಂಟಿಸದೆ ಉಳಿದ ಕಾರು. ನಿಮ್ಮ ಈ ಕಾರು ಅಂಥದ್ದಾ ಅನ್ನುವುದೇ ಪ್ರಶ್ನೆ. ಅದು ಗೊತ್ತಾದರೆ ಬೆಲೆಯೂ ತಾನಾಗಿಯೇ ಗೊತ್ತಾಗುತ್ತದೆ.

'ಚೆನ್ನಾಗಿ ಕಾಪಾಡಿದ ಕಾರು' ಅಂತ ಜಾಹೀರಾತಿನಲ್ಲಿ ಬರೆದರೆ ಎರಡು ಅರ್ಥ ಇರಬಹುದು. ಒಂದು, ನಿಜವಾಗಿಯೂ ಕಾಪಾಡಿದ್ದಾರೆ. ಇನ್ನೊಂದು, ಎಂಬತ್ತರ ದಶಕದಲ್ಲಿ ಯಾರೋ ಪೂರ್ತಿ ಪೇಂಟ್ ಹೊಡೆಸಿದರು, ಸೀಟಿನ ಕವರ್ ಬದಲಾಯಿಸಿದರು, ಆಮೇಲೆ ಗ್ಯಾರೇಜಿನಲ್ಲಿ ನಿಲ್ಲಿಸಿದರು. ಎರಡೂ ಫೋಟೊದಲ್ಲಿ ಒಂದೇ ಥರ ಕಾಣುತ್ತವೆ. ಎರಡನೆಯದು ಇನ್ನೂ ಚೆನ್ನಾಗಿಯೇ ಕಾಣಬಹುದು!

ಕಾರಿನ ಹಿನ್ನೆಲೆ ಬೇಗ ಹೇಳಿ ಮುಗಿಸುತ್ತೇನೆ. ಕಾರ್ವೆಟ್ ಶುರುವಾಗಿದ್ದು 1953ರಲ್ಲಿ, ಮಿಷಿಗನ್‌ನ ಫ್ಲಿಂಟ್‌ನಲ್ಲಿ. ಆ ವರ್ಷ ಬರೀ 300 ಕಾರು, ಎಲ್ಲವೂ ಬಿಳಿ, ಒಳಗೆ ಕೆಂಪು. ಆರು ಸಿಲಿಂಡರ್, ಎರಡೇ ಗೇರಿನ ಆಟೊಮ್ಯಾಟಿಕ್. ನೋಡಲು ಚೆಂದ, ಓಡಿಸಲು ಸಪ್ಪೆ. 1955ರಲ್ಲಿ ವಿ8 ಎಂಜಿನ್ ಬಂತು. ಜೋರಾ ಆರ್ಕಸ್-ಡಂಟೋವ್ ಎಂಬ ಎಂಜಿನಿಯರ್ ಇದನ್ನು ನಿಜವಾದ ಸ್ಪೋರ್ಟ್ಸ್ ಕಾರ್ ಮಾಡಲು ಹಟ ಹಿಡಿದು ದುಡಿದರು. 1963ರಲ್ಲಿ ಸ್ಟಿಂಗ್ ರೇ ಬಂದಾಗ ಹಿಂದಿನ ಎರಡು ಚಕ್ರಗಳಿಗೂ ಸ್ವತಂತ್ರ ಸಸ್ಪೆನ್ಷನ್ ಸಿಕ್ಕಿತು. 1965ರಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಈ ಆಕಾರದ ಕಾರು 1967ರವರೆಗೆ ಐದೇ ವರ್ಷ ಬಂತು. ನಿಮ್ಮದು ನಾಲ್ಕನೇ ವರ್ಷದ್ದು, ಮಿಸೌರಿಯ ಸೇಂಟ್ ಲೂಯಿಸ್ ಕಾರ್ಖಾನೆಯದು. ಹೊಸದರಲ್ಲಿ ಈ ಕನ್ವರ್ಟಿಬಲ್ ಬೆಲೆ 4,084 ಡಾಲರ್, ಎಲ್79 ಎಂಜಿನ್‌ಗೆ ಮೇಲೆ 105 ಡಾಲರ್ ಚಿಲ್ಲರೆ.

ನನ್ನನ್ನು ಕೇಳಿದರೆ ಓಡಿಸಲು ಕೊಳ್ಳುವವರಿಗೆ ಎಲ್79ಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. 7 ಲೀಟರಿನ 427 ಎಂಜಿನ್ ಕಾರುಗಳಿಗೆ ಹೆಸರು ಜಾಸ್ತಿ, ಬೆಲೆಯೂ ಜಾಸ್ತಿ. ಆದರೆ ಆ ಎಂಜಿನ್ ಭಾರ, ಬೇಸಿಗೆಯಲ್ಲಿ ಕಾಲು ಇಡುವ ಜಾಗ ಕಾಯುತ್ತದೆ, ಮೂತಿ ಭಾರವಾಗಿ ತಿರುವಿನಲ್ಲಿ ಸೋಮಾರಿತನ ಬರುತ್ತದೆ. 327 ಅಂದರೆ ಸುಮಾರು 5.4 ಲೀಟರ್. ಹಗುರ, ಚುರುಕು. ಎಲ್79ರಲ್ಲಿ ವಾಲ್ವ್ ಎತ್ತುವ ಭಾಗ (ಲಿಫ್ಟರ್) ಹೈಡ್ರಾಲಿಕ್ ಆಗಿರುವುದರಿಂದ ಆಗಾಗ ವಾಲ್ವ್ ಅಡ್ಜಸ್ಟ್ ಮಾಡುವ ಗೋಜಿಲ್ಲ. ಒಂದು ಮಾತು: ಆ 350 ಅನ್ನುವುದು ಹಳೆಯ ಅಮೆರಿಕನ್ ಲೆಕ್ಕ. ಸೈಲೆನ್ಸರ್, ಏರ್ ಕ್ಲೀನರ್ ಎಲ್ಲ ಬಿಚ್ಚಿಟ್ಟು ಬರೀ ಎಂಜಿನ್ ಅಳೆದ ಅಂಕಿ. ಈಗಿನ ಲೆಕ್ಕದಲ್ಲಿ ಅದು ಸಾಕಷ್ಟು ಕಡಿಮೆ ಬರುತ್ತದೆ.

ಇನ್ನು ಕಾರಿನ ಹತ್ತಿರ ಹೋಗೋಣ. ಬಾನೆಟ್ ಎತ್ತಬೇಡಿ. ಮೊದಲು ಅಡಿಗೆ ಹೋಗಿ.

ಕಾರ್ವೆಟ್ ಬಾಡಿ ಫೈಬರ್‌ಗ್ಲಾಸ್, ಅದಕ್ಕೆ ತುಕ್ಕು ಹಿಡಿಯಲ್ಲ. ಈ ಒಂದು ಮಾತಿನಿಂದ ಎಷ್ಟು ಜನ ಮೋಸ ಹೋಗಿದ್ದಾರೋ. ಬಾಡಿ ಕೂತಿರುವುದು ಸ್ಟೀಲ್ ಫ್ರೇಮ್ ಮೇಲೆ. ಬಾಡಿಯ ಒಳಗೇ ಇನ್ನೊಂದು ಸ್ಟೀಲ್ ಗೂಡು ಇದೆ. ಮುಂದಿನ ಗಾಜಿನ ಸುತ್ತ, ಬಾಗಿಲಿನ ಕಂಬಗಳ ಒಳಗೆ ಅದು ಹಾದು ಹೋಗುತ್ತದೆ. ಇದಕ್ಕೆ ಕಾರ್ವೆಟ್‌ನವರು 'ಬರ್ಡ್‌ಕೇಜ್' ಅನ್ನುತ್ತಾರೆ. ಎರಡೂ ತುಕ್ಕು ಹಿಡಿಯುತ್ತವೆ. ಹೊರಗಡೆ ಮಾತ್ರ ಏನೂ ಕಾಣಲ್ಲ. ಸ್ಟೀಲ್ ಬಾಡಿಯ ಕಾರಾದರೆ ಬಣ್ಣ ಉಬ್ಬಿ, ತೂತು ಬಿದ್ದು ಗುಟ್ಟು ರಟ್ಟಾಗುತ್ತದೆ. ಇದರಲ್ಲಿ ಆ ಎಚ್ಚರಿಕೆ ಇಲ್ಲ.

ನಿಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಓಹಾಯೋ, ಇಂಡಿಯಾನಾ ಎರಡೂ ಕಡೆ. ಈ ಕಾರು ಮೊದಲ ಹತ್ತು ಹದಿನೈದು ವರ್ಷ ಎಲ್ಲಿತ್ತು, ಚಳಿಗಾಲದಲ್ಲಿ ಓಡುತ್ತಿತ್ತಾ ಅಂತ ಮಗನನ್ನು ಕೇಳಿ. ಆಗ ಇದು ಕ್ಲಾಸಿಕ್ ಕಾರಲ್ಲ, ಸುಮ್ನೆ ಅಪ್ಪನ ಕಾರು. ಹಿಮದಲ್ಲೂ ಆಫೀಸಿಗೆ ಹೋಗಿರುತ್ತಾರೆ.

ಫ್ರೇಮ್‌ನಲ್ಲಿ ಮುಖ್ಯವಾಗಿ ನೋಡಬೇಕಾದ ಜಾಗ ಹಿಂದಿನ ಚಕ್ರಗಳ ಸ್ವಲ್ಪ ಮುಂದೆ, ಫ್ರೇಮ್ ಮೇಲಕ್ಕೆ ಬಾಗುವಲ್ಲಿ. ಅದು ಪೆಟ್ಟಿಗೆಯಂತೆ ಮುಚ್ಚಿದ ಉಕ್ಕು. ಒಳಗೆ ಮಣ್ಣು, ಎಲೆ, ಉಪ್ಪು ಸೇರಿ ಒದ್ದೆಯಾಗಿಯೇ ಇರುತ್ತದೆ. ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಖಣ್ ಅನ್ನುತ್ತದೆ, ಕೊಳೆತದ್ದು ಮಂದ ಸದ್ದು ಮಾಡುತ್ತದೆ. ಹಿಂದಿನ ಟ್ರೇಲಿಂಗ್ ಆರ್ಮ್‌ಗಳ (ಚಕ್ರವನ್ನು ಫ್ರೇಮ್‌ಗೆ ಹಿಡಿದಿಡುವ ಉದ್ದ ತೋಳುಗಳ) ಮುಂತುದಿ ಫ್ರೇಮ್ ಒಳಗೆ ಕೂರುವ ಗೂಡಿಗೂ ಟಾರ್ಚ್ ಹಾಕಿ. ಅಲ್ಲಿ ಹೊಸ ವೆಲ್ಡಿಂಗ್ ಅಥವಾ ತೇಪೆ ಕಂಡರೆ ಯಾಕೆ ಅಂತ ಕೇಳಿ. ಅಡಿಯೆಲ್ಲ ಈಚೆಗೆ ಕಪ್ಪು ಕೋಟಿಂಗ್ ಬಳಿದಿದ್ದರೆ ನನಗೆ ಇನ್ನೂ ಅನುಮಾನ ಜಾಸ್ತಿ. ಮುಟ್ಟದೆ ಇಟ್ಟ ಕಾರಿನ ಅಡಿ ಕೊಳಕಾಗಿರಬೇಕು, ಹಳೆಯ ಗ್ರೀಸ್ ಇರಬೇಕು. ಹೊಳೆಯುವ ಅಡಿ ಅಂದರೆ ಯಾರೋ ಕೆಲಸ ಮಾಡಿದ್ದಾರೆ ಅಂತ.

ಬರ್ಡ್‌ಕೇಜ್ ನೋಡಲು ಕಾಲಿನ ಜಾಗದಲ್ಲಿ ಪಕ್ಕದ ಪ್ಯಾನಲ್ ಬಿಚ್ಚಬೇಕು. ಕೆಲವೇ ಸ್ಕ್ರೂ. ಬಿಚ್ಚಲು ಮಾರುವವರ ಅನುಮತಿ ಕೇಳಿ. ಒಳಗೆ ಬಾಗಿಲಿನ ಹಿಂಜ್ ಕಂಬದ ಬುಡ ಕಾಣುತ್ತದೆ. ಮೇಲ್ಮೈ ತುಕ್ಕು ಪರವಾಗಿಲ್ಲ. ಪದರ ಪದರವಾಗಿ ಏಳುತ್ತಿದ್ದರೆ, ಕೈಗೆ ಪುಡಿ ಬಂದರೆ ಅಲ್ಲಿಗೆ ಮುಗಿಯಿತು. ಮುಂದಿನ ಗಾಜಿನ ಕೆಳ ಮೂಲೆಗಳನ್ನೂ ನೋಡಿ. ಗಾಜಿನ ರಬ್ಬರ್ ಸೋರಿ, ನೀರು ಇಳಿದು, ಅಲ್ಲಿಂದಲೇ ಕೊಳೆಯುವುದು ಶುರು. ಕಾರ್ಪೆಟ್ ಎತ್ತಿ ಮೂಸಿ ನೋಡಿದರೂ ತಪ್ಪಿಲ್ಲ.

ಇದಕ್ಕೆ ಇಷ್ಟು ಒತ್ತು ಯಾಕೆ ಅಂದರೆ, ಎಂಜಿನ್ ಹಾಳಾದರೆ ಇಳಿಸಿ ರಿಪೇರಿ ಮಾಡಿಸಬಹುದು. ಬರ್ಡ್‌ಕೇಜ್ ಹಾಳಾದರೆ ಬಾಡಿಯ ಪ್ಯಾನಲ್‌ಗಳನ್ನು ಕಿತ್ತು, ಉಕ್ಕು ಕತ್ತರಿಸಿ, ಹೊಸದು ಬೆಸೆದು, ಮತ್ತೆ ಅಂಟಿಸಿ, ಪೂರ್ತಿ ಪೇಂಟ್ ಮಾಡಬೇಕು. ಹತ್ತಾರು ಸಾವಿರ ಡಾಲರ್ ಹೋಗುತ್ತದೆ. ಕೊನೆಗೆ ನೀವು ಯಾವ 'ಫ್ಯಾಕ್ಟರಿ ಬಣ್ಣ'ಕ್ಕೆ ದುಡ್ಡು ಕೊಟ್ಟಿರೋ ಅದೇ ಉಳಿಯಲ್ಲ.

ಬಾಡಿಗೆ ಬಂದರೆ, ನಮ್ಮೂರಿನ ಟಿಂಕರಿಂಗ್ ಲೆಕ್ಕಾಚಾರ ಇಲ್ಲಿ ನಡೆಯಲ್ಲ. ಪುಟ್ಟಿ ಹುಡುಕಲು ಮ್ಯಾಗ್ನೆಟ್ ಹಿಡಿದು ಹೋಗಬೇಡಿ, ಎಲ್ಲೂ ಅಂಟಲ್ಲ. ಸ್ಟೀಲ್ ಕಾರಿಗೆ ಬಳಸುವ ಪೇಂಟ್ ದಪ್ಪ ಅಳೆಯುವ ಮೀಟರ್ ಕೂಡ ಕೆಲಸಕ್ಕೆ ಬಾರದು. ಅಲ್ಟ್ರಾಸಾನಿಕ್ ಮೀಟರ್ ಬೇಕು. ಅದಿಲ್ಲದೆಯೂ ಒಂದು ಉಪಾಯ ಇದೆ. ಕಾರ್ಖಾನೆಯಲ್ಲಿ ಮುಂಭಾಗವನ್ನು ಬೇರೆ ಬೇರೆ ಪ್ಯಾನಲ್‌ಗಳಾಗಿ ಅಚ್ಚೊತ್ತಿ, ಜಾಯಿಂಟ್‌ಗಳ ಹಿಂದೆ ಫೈಬರ್‌ಗ್ಲಾಸ್ ಪಟ್ಟಿ ಕೊಟ್ಟು ಅಂಟಿಸುತ್ತಿದ್ದರು. ಮುಂದಿನ ಚಕ್ರದ ಕಮಾನಿನ ಒಳಗೆ, ಬಾನೆಟ್ ಕೆಳಗೆ ಕೈಯಾಡಿಸಿದರೆ ಈ ಪಟ್ಟಿಗಳು ಸಿಗಬೇಕು. ಪ್ಯಾನಲ್‌ಗಳ ಒಳಮೈ ಕೂಡ ನುಣುಪಾಗಿರಬೇಕು. ಪಟ್ಟಿ ಇಲ್ಲ, ಒಳಗಡೆ ಒರಟಾಗಿ ನಾರು ಕೈಗೆ ತಾಗುತ್ತಿದೆ ಅಂದರೆ ಕಾರು ಎಲ್ಲೋ ಗುದ್ದಿದೆ, ಮೂತಿ ಬದಲಾಗಿದೆ. ಈ ಕಾರುಗಳ ಮೂತಿ ಒಡೆಯುವುದು ಮಾಮೂಲು. ಚೆನ್ನಾಗಿ ರಿಪೇರಿ ಮಾಡಿದ್ದರೆ ಅದು ಮಹಾ ದೋಷವೇನಲ್ಲ. ಆದರೆ 'ಫ್ಯಾಕ್ಟರಿ ಬಣ್ಣ' ಅನ್ನುವ ಮಾತು ಅಲ್ಲಿಗೆ ಸುಳ್ಳಾಗುತ್ತದೆ.

ಆ ಕಾಲದ ಬಣ್ಣ ಅಕ್ರಿಲಿಕ್ ಲ್ಯಾಕರ್. ಅರವತ್ತು ವರ್ಷದ ಲ್ಯಾಕರ್ ಕನ್ನಡಿಯಂತೆ ಇರಲು ಸಾಧ್ಯವೇ ಇಲ್ಲ. ಸಣ್ಣ ಸಣ್ಣ ಬಿರುಕು ಇರಬೇಕು, ಅಂಚುಗಳಲ್ಲಿ ಸವೆದಿರಬೇಕು, ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಫೆಂಡರ್ ಮೇಲೆ ಜಾಯಿಂಟ್ ಗೆರೆ ತೆಳುವಾಗಿ ಮೂಡಿರಬೇಕು. ಫೋಟೊದಲ್ಲಿ ಕಾರು 'ತುಂಬಾ ಚೆನ್ನಾಗಿದೆ' ಅಂದಿರಲ್ಲ, ನನಗೆ ಅಲ್ಲೇ ಸ್ವಲ್ಪ ಕಿವಿ ನೆಟ್ಟಗಾಯಿತು. ನಿಜವಾಗಿಯೂ ಹಳೆಯ ಬಣ್ಣವೇ ಆದರೆ ದಯವಿಟ್ಟು ಮತ್ತೆ ಪೇಂಟ್ ಮಾಡಿಸಬೇಡಿ, ಎಷ್ಟೇ ಬಿರುಕು ಇದ್ದರೂ. ಈಗ ಅಮೆರಿಕದಲ್ಲಿ ಕೊಳ್ಳುವವರು ಅದಕ್ಕೇ ಹೆಚ್ಚು ಕೊಡುತ್ತಾರೆ.

ಸರಿ, ಈಗ ಬಾನೆಟ್ ಎತ್ತಿ. 'ನಂಬರ್ಸ್ ಮ್ಯಾಚಿಂಗ್' ಅಂದರೆ ಕಾರು ಕಾರ್ಖಾನೆಯಿಂದ ಹೊರಬಂದಾಗ ಇದ್ದ ಎಂಜಿನ್ನೇ ಈಗಲೂ ಇದೆ ಅಂತ. ಸಾವಿರಾರು ಡಾಲರ್ ವ್ಯತ್ಯಾಸ ಇದರ ಮೇಲೆ ನಿಂತಿದೆ. ಸುಳ್ಳು ಕೂಡ ಅಷ್ಟೇ ಇದೆ.

ಗ್ಲವ್ ಬಾಕ್ಸ್ ಕೆಳಗಿನ ಅಡ್ಡಪಟ್ಟಿಯಲ್ಲಿ ಎರಡು ತಗಡು ಇವೆ. ಒಂದರಲ್ಲಿ ಕಾರಿನ ನಂಬರ್. ನಿಮ್ಮದು 194676 ಅಂತ ಶುರುವಾಗಿ, ಆಮೇಲೆ ಎಸ್ ಅಕ್ಷರ, ಆಮೇಲೆ ಆರು ಅಂಕಿ ಇರಬೇಕು. 1 ಅಂದರೆ ಶೆವರ್ಲೆ, 94 ಕಾರ್ವೆಟ್, 67 ಕನ್ವರ್ಟಿಬಲ್, 6 ಅಂದರೆ 1966, ಎಸ್ ಅಂದರೆ ಸೇಂಟ್ ಲೂಯಿಸ್. 67ರ ಬದಲು 37 ಅಂತ ಇದ್ದರೆ ಅದು ಹುಟ್ಟಿನಿಂದ ಕೂಪೆ, ಅಂದರೆ ಗಟ್ಟಿ ಛಾವಣಿಯದು, ಕನ್ವರ್ಟಿಬಲ್ ಅಲ್ಲ. ಕೊನೆಯ ಆರು ಅಂಕಿ ಆ ವರ್ಷ 100001ರಿಂದ 127720ರವರೆಗೆ ಹೋಗಿವೆ. ಅದರಾಚೆಗಿನ ಸಂಖ್ಯೆ ಕಂಡರೆ ಮಾತನ್ನೇ ಮುಂದುವರಿಸಬೇಡಿ.

ಪಕ್ಕದ ತಗಡಿನಲ್ಲಿ ಬಾಡಿ ಕಟ್ಟಿದ ತಿಂಗಳು ಒಂದು ಅಕ್ಷರದಲ್ಲಿ, ದಿನ ಅಂಕಿಯಲ್ಲಿ ಇರುತ್ತದೆ. ಜೊತೆಗೆ ಬಣ್ಣದ ಕೋಡ್, ಒಳಗಿನ ಸೀಟಿನ ಕೋಡ್. ನ್ಯಾಸೋ ಬ್ಲೂ ಕೋಡ್ 976. ಅಲ್ಲಿ 974 ಇದ್ದರೆ ಕಾರು ಹುಟ್ಟಿದ್ದು ಕೆಂಪಾಗಿ. ಇನ್ನೊಂದು ಸ್ವಾರಸ್ಯ: ಬೇಡಿಕೆ ಹೆಚ್ಚಿದಾಗ ಸೇಂಟ್ ಲೂಯಿಸ್‌ನಲ್ಲೇ ಎಲ್ಲ ಬಾಡಿ ಮಾಡಲಾಗದೆ, ಒಂದಷ್ಟನ್ನು ಎ.ಒ. ಸ್ಮಿತ್ ಕಂಪನಿ ಮಿಷಿಗನ್‌ನ ಅಯೋನಿಯಾದಲ್ಲಿ ಮಾಡಿ ಕಳಿಸುತ್ತಿತ್ತು. ಅಂಥ ಬಾಡಿಗಳ ತಗಡಿನಲ್ಲಿ ಎಸ್ ಬದಲು ಎ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ, ಅದೂ ಅಸಲಿಯೇ.

ಈಗ ಎಂಜಿನ್. ಪ್ರಯಾಣಿಕರ ಕಡೆಯ ಸಿಲಿಂಡರ್ ಹೆಡ್ಡಿನ ಮುಂದೆ, ಬ್ಲಾಕಿನ ಮೇಲೆ ಒಂದು ಸಣ್ಣ ಸಪಾಟು ಜಾಗ ಇದೆ. ಅಲ್ಲಿ ಎರಡು ಬರಹ ಕೊರೆದಿರುತ್ತಾರೆ. ಒಂದು, ಎಂಜಿನ್ ಕಾರ್ಖಾನೆಯದು. ಉದಾಹರಣೆಗೆ ಎಫ್, ಆಮೇಲೆ 0302, ಆಮೇಲೆ ಎಚ್‌ಟಿ ಅಂತ ಇದ್ದರೆ, ಫ್ಲಿಂಟ್‌ನಲ್ಲಿ ಮಾರ್ಚ್ 2ರಂದು ಜೋಡಿಸಿದ 350 ಹಾರ್ಸ್‌ಪವರ್ ಎಂಜಿನ್ ಅಂತ. ಎಚ್‌ಟಿ ಬದಲು ಎಚ್‌ಇ ಇದ್ದರೆ ಅದು 300 ಹಾರ್ಸ್‌ಪವರ್‌ನ ಮಾಮೂಲು ಎಂಜಿನ್. ಇನ್ನೊಂದು ಬರಹ, ಸೇಂಟ್ ಲೂಯಿಸ್‌ನಲ್ಲಿ ಕಾರಿಗೆ ಕೂರಿಸುವಾಗ ಒತ್ತಿದ ಕಾರಿನ ಸರಣಿ ಸಂಖ್ಯೆ. ಅದು ಗ್ಲವ್ ಬಾಕ್ಸ್ ಕೆಳಗಿನ ಸಂಖ್ಯೆಗೆ ತಾಳೆಯಾಗಬೇಕು.

ತಾಳೆಯಾಯಿತು, ಮುಗಿಯಿತಾ? ಇಲ್ಲ. ಬೇರೆ ಎಂಜಿನ್ ತಂದು, ಹಳೆಯ ಅಂಕಿ ಉಜ್ಜಿ, ಬೇಕಾದ ಅಂಕಿ ಕೊರೆಯುವವರು ಇದ್ದಾರೆ. ಅದಕ್ಕೇ ಇನ್ನೆರಡು ಕಡೆ ನೋಡಬೇಕು. ಮೊದಲನೆಯದು ಆ ಸಪಾಟಿನ ಮೇಲ್ಮೈ. ಕಾರ್ಖಾನೆಯ ಯಂತ್ರ ಅದನ್ನು ಕೆತ್ತಿದಾಗ ಮುಂದಿನಿಂದ ಹಿಂದಕ್ಕೆ ಕೂದಲೆಳೆಯಂಥ ನೇರ ಗೆರೆಗಳು ಉಳಿಯುತ್ತವೆ. ಟಾರ್ಚನ್ನು ಪಕ್ಕದಿಂದ ಹಿಡಿದರೆ ಕಾಣುತ್ತವೆ. ಮೇಲ್ಮೈ ನುಣ್ಣಗಿದ್ದರೆ, ಅಥವಾ ಗೆರೆಗಳು ಬಾಗಿದ್ದರೆ, ಯಾವಾಗಲೋ ಉಜ್ಜಿದ್ದಾರೆ. ಪ್ರಾಮಾಣಿಕವಾಗಿ ಎಂಜಿನ್ ಓವರ್‌ಹಾಲ್ ಮಾಡುವಾಗ ಬ್ಲಾಕಿನ ಮೇಲ್ಮೈ ಸಪಾಟು ಮಾಡಿದರೂ ಅಂಕಿಗಳು ಹೋಗುತ್ತವೆ. ಹಾಗಾಗಿ ಖಾಲಿ ಜಾಗ ಮೋಸವಲ್ಲ. ಆದರೆ ಉಜ್ಜಿದ ಜಾಗದ ಮೇಲೆ ಗರಿಗರಿಯಾದ ಅಂಕಿ ಇದ್ದರೆ ಅದು ಮೋಸ. ಎರಡು ಬರಹಗಳನ್ನು ಎರಡು ಊರಿನಲ್ಲಿ, ಬೇರೆ ಬೇರೆ ಜನ ಒತ್ತಿದ್ದು ಅನ್ನುವುದನ್ನೂ ಮರೆಯಬೇಡಿ. ಎರಡೂ ಒಂದೇ ಕೈಬರಹದಂತೆ, ಒಂದೇ ಆಳಕ್ಕೆ, ಒಂದೇ ನೇರಕ್ಕೆ ಇದ್ದರೆ ಅನುಮಾನ ಪಡಿ.

ಎರಡನೆಯದು ದಿನಾಂಕಗಳು. ಬ್ಲಾಕಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಸೇರುವ ಕಡೆ, ಎರಕ ಹೊಯ್ದ ದಿನ ಉಬ್ಬಾಗಿ ಮೂಡಿರುತ್ತದೆ. ತಿಂಗಳಿಗೆ ಅಕ್ಷರ, ಜನವರಿಗೆ ಎ, ಫೆಬ್ರವರಿಗೆ ಬಿ, ಹೀಗೆ. ಆಮೇಲೆ ದಿನ, ಆಮೇಲೆ ವರ್ಷದ ಕೊನೆಯ ಅಂಕಿ. ಬಿ 21 6 ಅಂದರೆ 1966ರ ಫೆಬ್ರವರಿ 21. ಮೊದಲು ಎರಕ, ಆಮೇಲೆ ಎಂಜಿನ್ ಜೋಡಣೆ, ಆಮೇಲೆ ಕಾರು. ಇವುಗಳ ನಡುವೆ ಸಾಮಾನ್ಯವಾಗಿ ಕೆಲವು ದಿನ, ಕೆಲವು ವಾರ ಅಂತರ. ಎರಕದ ತಾರೀಖು ಜೋಡಣೆಯ ತಾರೀಖಿಗಿಂತ ಈಚಿನದು ಅಂತ ಬಂದರೆ ಅಪ್ಪನಿಗಿಂತ ಮೊದಲೇ ಮಗ ಹುಟ್ಟಿದ ಹಾಗಾಯಿತು. ಅಂಕಿ ಕೊರೆಯುವವರು ಮುಂದಿನ ಸಪಾಟನ್ನು ಚೆನ್ನಾಗಿ ಮಾಡುತ್ತಾರೆ. ಹಿಂದಿನ ಉಬ್ಬು ಅಂಕಿಯನ್ನು ಬದಲಾಯಿಸುವುದು ಅಷ್ಟು ಸುಲಭವಲ್ಲ. ಕೈಗನ್ನಡಿ ಇಟ್ಟುಕೊಂಡು ಹೋಗಿ, ಜಾಗ ಇಕ್ಕಟ್ಟು.

ಕಾಗದಪತ್ರ ಏನಿದೆ ಕೇಳಿ. ಮೊದಲ ಮಾಲೀಕರ ಮನೆಯಲ್ಲೇ ಇದ್ದ ಕಾರು ಅಂದಮೇಲೆ ಏನಾದರೂ ಇರಲೇಬೇಕು. 1965ರಿಂದ ವಾರಂಟಿ ಪುಸ್ತಕದಲ್ಲಿ 'ಪ್ರೊಟೆಕ್ಟ್-ಓ-ಪ್ಲೇಟ್' ಅಂತ ಒಂದು ಸಣ್ಣ ಲೋಹದ ತಗಡು ಕೊಡುತ್ತಿದ್ದರು. ಅದರಲ್ಲಿ ಕಾರಿನ, ಎಂಜಿನ್‌ನ ವಿವರ ಇರುತ್ತದೆ. ಅದು ಸಿಕ್ಕರೆ ದೊಡ್ಡ ಆಧಾರ. ಅದರದ್ದೂ ನಕಲು ಮಾಡುತ್ತಾರೆ, ಅದು ಬೇರೆ ಮಾತು. ಪೆಟ್ರೋಲ್ ಟ್ಯಾಂಕ್ ಮೇಲೆ ಅಂಟಿಸಿದ ಆರ್ಡರ್ ಹಾಳೆ ಬಗ್ಗೆ ನೀವು ಓದಿರಬಹುದು. ಅದು ಸಾಮಾನ್ಯವಾಗಿ ಸಿಗುವುದು 1967ರ ಕಾರುಗಳಿಂದ, ನಿಮ್ಮದರಲ್ಲಿ ನಿರೀಕ್ಷೆ ಬೇಡ. ನನಗೆ ಇವೆಲ್ಲಕ್ಕಿಂತ ನಂಬಿಕೆ ಹುಟ್ಟಿಸುವುದು ಹಳೆಯ ಸರ್ವಿಸ್ ಬಿಲ್ಲುಗಳು. ಎಪ್ಪತ್ತರ ದಶಕದ ಆಯಿಲ್ ಬದಲಾವಣೆಯ ಬಿಲ್ಲನ್ನು ಯಾರೂ ನಕಲು ಮಾಡಲು ಹೋಗಲ್ಲ. ಅದರ ಮೇಲೆ ಮೈಲಿ ಬರೆದಿರುತ್ತಾರೆ.

ಮೈಲಿ ಅಂದಾಗ ನೆನಪಾಯಿತು. ಈ ಕಾರಿನ ಮೀಟರಿಗೆ ಐದೇ ಅಂಕಿ. ಒಂದು ಲಕ್ಷ ದಾಟಿದರೆ ಮತ್ತೆ ಸೊನ್ನೆಯಿಂದ ಶುರು. 61,000 ಅಂತ ಕಾಣುವುದು 1,61,000 ಆಗಿರಬಹುದು. ಸಾಲು ಸಾಲಾಗಿ ಬಿಲ್ಲು ಇದ್ದರೆ ಮಾತ್ರ ಆ ಅಂಕಿಗೆ ಬೆಲೆ. ಇಲ್ಲದಿದ್ದರೆ ಪೆಡಲ್ ರಬ್ಬರ್, ಚಾಲಕನ ಸೀಟಿನ ಅಂಚು, ಬಾಗಿಲಿನ ಲಾಚು ಎಷ್ಟು ಸವೆದಿವೆ ನೋಡಿ ಅಂದಾಜು ಮಾಡಿ.

ಕಾರಿಗೆ ನಾಕ್-ಆಫ್ ಚಕ್ರ ಇದೆಯಾ ಅಂತ ನೀವು ಬರೆದಿಲ್ಲ. ನಡುವೆ ದೊಡ್ಡ ರೆಕ್ಕೆಯ ನಟ್ ಇರುವ ಅಲ್ಯೂಮಿನಿಯಂ ಚಕ್ರ. ಇದ್ದರೆ ಅದಕ್ಕೆಂದು ಬೆಲೆ ಏರಿಸಲು ಬಿಡಬೇಡಿ. 1966ರಲ್ಲಿ ಅವನ್ನು ಹಾಕಿಸಿಕೊಂಡವರು ಸುಮಾರು 1,200 ಜನ ಮಾತ್ರ. ಈಗ ಯಾವ ಕಾರ್ ಶೋಗೆ ಹೋದರೂ ಅರ್ಧಕ್ಕರ್ಧ ಕಾರುಗಳಲ್ಲಿ ಅವೇ ಇರುತ್ತವೆ. ಹೆಚ್ಚಿನವು ಆಮೇಲೆ ಕೊಂಡ ನಕಲು ಚಕ್ರಗಳು.

ಹೆಚ್ಚು ಓಡದೆ ನಿಂತ ಕಾರಿನ ಕಷ್ಟ ಬೇರೆ. ಈ ಕಾರಿನ ಡಿಸ್ಕ್ ಬ್ರೇಕ್‌ಗಳಲ್ಲಿ ಒಂದೊಂದು ಕ್ಯಾಲಿಪರ್‌ಗೂ (ಡಿಸ್ಕನ್ನು ಹಿಡಿದು ಒತ್ತುವ ಭಾಗ) ನಾಲ್ಕು ಪಿಸ್ಟನ್. ಕ್ಯಾಲಿಪರ್ ಬೀಡು ಕಬ್ಬಿಣದ್ದು. ಬ್ರೇಕ್ ಆಯಿಲ್ ತೇವ ಹೀರಿಕೊಂಡು, ಪಿಸ್ಟನ್ ಕೂರುವ ಜಾಗದಲ್ಲಿ ತುಕ್ಕಿನ ಗುಳಿ ಬಿದ್ದು, ಆಯಿಲ್ ಸೋರಲು ಶುರುವಾಗುತ್ತದೆ. ಬರೀ ಸೀಲ್ ಬದಲಿಸಿದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಪಿಸ್ಟನ್ ಕೂರುವ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ (ಸ್ಲೀವ್) ಕೂರಿಸಿದ ಕ್ಯಾಲಿಪರ್ ಹಾಕಿಸಿದರೆ ಈ ರಗಳೆ ತಪ್ಪುತ್ತದೆ. ಹಾಕಿದ್ದಾರಾ ಕೇಳಿ. ಹಿಂದಿನ ಚಕ್ರದ ಬೇರಿಂಗ್ ಬದಲಾಯಿಸುವುದು ಎಲ್ಲ ಮೆಕ್ಯಾನಿಕ್‌ಗೂ ಬರಲ್ಲ. ವಿಶೇಷ ಸಾಮಾನು ಬೇಕು, ಕೈ ಪಳಗಿರಬೇಕು. ಇನ್ನೊಂದು ವಿಚಿತ್ರ: ಈ ಕಾರಿನಲ್ಲಿ ಚಕ್ರಕ್ಕೆ ಶಕ್ತಿ ಒಯ್ಯುವ ಹಾಫ್ ಶಾಫ್ಟೇ ಸಸ್ಪೆನ್ಷನ್‌ನ ಮೇಲಿನ ತೋಳಾಗಿಯೂ ಕೆಲಸ ಮಾಡುತ್ತದೆ. ಡಿಫರೆನ್ಷಿಯಲ್ ಒಳಗಿನ ತುದಿ ಸವೆದರೆ ಚಕ್ರ ಮೇಲ್ಗಡೆ ಒಳಕ್ಕೆ ವಾಲುತ್ತದೆ. ಹಿಂದೆ ನಿಂತು ನೋಡಿ. ಒಂದು ಚಕ್ರ ಇನ್ನೊಂದಕ್ಕಿಂತ ಹೆಚ್ಚು ವಾಲಿದ್ದರೆ ಖರ್ಚು ಕಾದಿದೆ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ಇರುತ್ತದೆ. 2309 ಅಂದರೆ 2009ರ 23ನೇ ವಾರ. ಟೈರಿನ ಗುಂಡಿ ಎಷ್ಟೇ ಆಳವಿರಲಿ, ಹತ್ತು ವರ್ಷ ದಾಟಿದ ಟೈರಿನಲ್ಲಿ ಮನೆಗೆ ಓಡಿಸಿಕೊಂಡು ಬರಬೇಡಿ. ಟ್ರೈಲರ್ ಮೇಲೆ ತನ್ನಿ. ಇನ್ನು ಡ್ಯಾಶ್‌ಬೋರ್ಡ್ ಗಡಿಯಾರ ಓಡುತ್ತಿಲ್ಲ ಅಂತ ಚೌಕಾಸಿ ಮಾಡಬೇಡಿ. ಅವು ಯಾವ ಕಾರಿನಲ್ಲೂ ಓಡಲ್ಲ.

ನಿಮ್ಮ ಮನೆಯವರ ಪ್ರಶ್ನೆ ಒಳ್ಳೆಯ ಪ್ರಶ್ನೆ. ಹೌದು, ಹೆಚ್ಚುಕಡಿಮೆ ಅದೇ ದುಡ್ಡಿಗೆ ಹೊಸ ಕಾರ್ವೆಟ್ ಬರುತ್ತದೆ. ಅದು ಎಲ್ಲ ರೀತಿಯಲ್ಲೂ ಇದಕ್ಕಿಂತ ಉತ್ತಮ ಕಾರು. 1966ರ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಡಿಕ್ಕಿಗೆ ಹೊರಗಿನಿಂದ ಬಾಗಿಲೇ ಇಲ್ಲ, ಸೂಟ್‌ಕೇಸ್ ಸೀಟಿನ ಹಿಂದಿನಿಂದ ತುರುಕಬೇಕು. ಪವರ್ ಸ್ಟೀರಿಂಗ್ ಇಲ್ಲದ ಕಾರಾದರೆ ಪಾರ್ಕಿಂಗ್‌ನಲ್ಲಿ ತೋಳು ನೋಯುತ್ತದೆ. ಅವರಿಗೆ ಇದನ್ನೂ ಹೇಳಿ: ಗುದ್ದಿದಾಗ ಮಡಚಿಕೊಳ್ಳುವ ಸ್ಟೀರಿಂಗ್ ಕಂಬ ಬಂದಿದ್ದು 1967ರಲ್ಲಿ. ಎರಡು ಭಾಗದ ಬ್ರೇಕ್ ಮಾಸ್ಟರ್ ಸಿಲಿಂಡರ್ ಎಲ್ಲ ಕಾರ್ವೆಟ್‌ಗೂ ಬಂದಿದ್ದು ಕೂಡ ಆಗಲೇ. ನಿಮ್ಮದರಲ್ಲಿ ಒಂದೇ ಭಾಗದ್ದು ಇದ್ದರೆ, ಒಂದು ಕಡೆ ಪೈಪ್ ಒಡೆದರೂ ಪೂರ್ತಿ ಬ್ರೇಕ್ ಹೋಗುತ್ತದೆ. ಜೊತೆಯಲ್ಲಿ ಯಾರನ್ನಾದರೂ ಕೂರಿಸಿಕೊಂಡು ಓಡಿಸುವುದಾದರೆ ಎರಡು ಭಾಗದ್ದನ್ನು ಹಾಕಿಸಿ. ಹಳೆಯದನ್ನು ಡಬ್ಬದಲ್ಲಿ ಜೋಪಾನವಾಗಿಡಿ. ಅಸಲಿತನದ ಭಕ್ತರು ನನ್ನ ಮೇಲೆ ಸಿಟ್ಟಾಗಬಹುದು, ಆಗಲಿ.

ಹಾಗಾದರೆ ಯಾಕೆ ಕೊಳ್ಳಬೇಕು? ಹೊಸ ಕಾರು ಶೋರೂಮಿನಿಂದ ಹೊರಬಂದ ದಿನದಿಂದ ಬೆಲೆ ಕಳೆದುಕೊಳ್ಳುತ್ತದೆ. ಸರಿಯಾಗಿ ನೋಡಿ ಕೊಂಡ 66 ಸಾಮಾನ್ಯವಾಗಿ ಅಷ್ಟು ಕಳೆದುಕೊಳ್ಳಲ್ಲ. ಆದರೆ ಲಾಭ ಬರುತ್ತೆ ಅಂತ ಮನೆಯಲ್ಲಿ ಹೇಳಿ ಒಪ್ಪಿಸಬೇಡಿ. ಇದರ ಜೊತೆ ಬೆಳೆದ ತಲೆಮಾರಿಗೆ ವಯಸ್ಸಾಗುತ್ತಿದೆ, ಮಾರುವವರ ಸಂಖ್ಯೆ ಹೆಚ್ಚುತ್ತಿದೆ. ಮೇಲಾಗಿ ಇನ್ಶೂರೆನ್ಸ್, ಗ್ಯಾರೇಜು, ಬಿಡಿಭಾಗ ಎಲ್ಲ ಸೇರಿಸಿದರೆ ಲೆಕ್ಕ ಕೂಡಲ್ಲ. ಮೂರನೇ ಗೇರಿನಲ್ಲಿ ಆ 327 ಉಸಿರೆಳೆದುಕೊಳ್ಳುವ ಸದ್ದು ಬೇಕು ಅನಿಸಿದರೆ ಕೊಳ್ಳಿ, ಇಲ್ಲದಿದ್ದರೆ ಬೇಡ.

ಬೆಲೆ ವಿಷಯಕ್ಕೆ ಬರುತ್ತೇನೆ. ಅವರು ಹೇಳಿದ್ದೆಲ್ಲ ನಿಜವಾದರೆ, ಅಂದರೆ ಫ್ರೇಮ್ ಗಟ್ಟಿ, ಬರ್ಡ್‌ಕೇಜ್ ಕೊಳೆತಿಲ್ಲ, ಎಂಜಿನ್ ಅಸಲಿ ಅಂತ ಸಾಬೀತಾಯಿತು, ಬಣ್ಣವೂ ಹಳೆಯದೇ, 72,000 ಡಾಲರ್ ನ್ಯಾಯವಾದ ಬೆಲೆ. ಜಾಸ್ತಿ ಚೌಕಾಸಿ ಮಾಡಲು ಹೋಗಬೇಡಿ. ಎಲ್ಲ ಸರಿ, ಎಂಜಿನ್ ಮಾತ್ರ ಬೇರೆಯದು ಅಥವಾ ಅನುಮಾನ ಅಂತಾದರೆ ನಾನು 55,000ದ ಮೇಲೆ ಹೋಗಲ್ಲ. ಅದೂ ಕೆಟ್ಟ ವ್ಯಾಪಾರವಲ್ಲ, ಓಡಿಸುವವರಿಗೆ ಹೇಳಿ ಮಾಡಿಸಿದಂತಿರುತ್ತದೆ. ಎಂಜಿನ್ ಅಸಲಿ, ಆದರೆ ಫ್ರೇಮ್ ಅಥವಾ ಬರ್ಡ್‌ಕೇಜ್ ಕೊಳೆತಿದೆ ಅಂದರೆ ಯಾವ ಬೆಲೆಗೂ ಬೇಡ. ಜನ ಇದನ್ನು ಉಲ್ಟಾ ಮಾಡುತ್ತಾರೆ. ಅಂಕಿಗೆ ಮರುಳಾಗಿ ಕೊಳೆತ ಉಕ್ಕನ್ನು ಕೊಂಡು ಕೂರುತ್ತಾರೆ.

ಇದನ್ನೆಲ್ಲ ನೀವೊಬ್ಬರೇ ನೋಡಬೇಕಿಲ್ಲ. 1974ರಲ್ಲಿ ಶುರುವಾದ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿ ಅಂತ ಒಂದು ಸಂಘ ಇದೆ. ಕಾರುಗಳು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಎಷ್ಟು ಹತ್ತಿರ ಇವೆ ಅಂತ ಅಂಕ ಕೊಟ್ಟು 'ಟಾಪ್ ಫ್ಲೈಟ್' ಮುಂತಾದ ಪ್ರಶಸ್ತಿ ಕೊಡುವವರು ಇವರೇ. ಅವರ ಸ್ಥಳೀಯ ಶಾಖೆಯಲ್ಲಿ ಈ ಕಾಲದ ಕಾರು ಬಲ್ಲವರೊಬ್ಬರನ್ನು ಹುಡುಕಿ, ಕೆಲವು ನೂರು ಡಾಲರ್ ಕೊಟ್ಟು ಕರೆದುಕೊಂಡು ಹೋಗಿ. ಮಾಮೂಲು ಯೂಸ್ಡ್ ಕಾರ್ ತಪಾಸಣೆಯವರು ಬೇಡ, ಅವರು ಲೈಟ್ ಹತ್ತುತ್ತಾ, ಹಾರ್ನ್ ಕೂಗುತ್ತಾ ಅಂತ ಬರೆದುಕೊಡುತ್ತಾರೆ.

ಮೈಸೂರಿಗೆ ಒಯ್ಯುವ ಕನಸನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆಮದು ಸುಂಕ, ತೆರಿಗೆ ಸೇರಿದರೆ ಕಾರಿನ ಬೆಲೆಯನ್ನೇ ಮೀರುತ್ತದೆ. ಆಮದಿನ ನಿಯಮಗಳೂ ಆಗಾಗ ಬದಲಾಗುತ್ತವೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ತಂದಿದೆ, ನಂಬರಿನಲ್ಲಿ 'ವಿಎ' ಅಂತ ಬರುತ್ತದೆ. ಆದರೆ ಆ ನೋಂದಣಿಯ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನಾ ಓಡಿಸುವಂತಿಲ್ಲ. ಜೊತೆಗೆ ಸ್ಟೀರಿಂಗ್ ಎಡಗಡೆ, ನೆಲಕ್ಕೆ ಅಂಟಿದಂಥ ಬಾಡಿ. ನಮ್ಮ ಬಡಾವಣೆಯ ಹಂಪ್‌ಗಳನ್ನು ನೆನಪು ಮಾಡಿಕೊಳ್ಳಿ! ಊರಿಗೆ ಹೋಗುವಾಗ ಅಲ್ಲೇ ಮಾರಿ ಹೋಗುವ ಲೆಕ್ಕದಲ್ಲಿ ಕೊಳ್ಳಿ.

ವ್ಯವಹಾರ ಕುದುರಿದರೆ ದುಡ್ಡು ಕೊಡುವ ಮುಂಚೆ ಟೈಟಲ್ ಪತ್ರದಲ್ಲಿರುವ (ಕಾರಿನ ಮಾಲೀಕತ್ವದ ಪತ್ರ) ನಂಬರನ್ನೂ ಗ್ಲವ್ ಬಾಕ್ಸ್ ಕೆಳಗಿನ ನಂಬರನ್ನೂ ಅಂಕಿ ಅಂಕಿಯಾಗಿ ಓದಿ ತಾಳೆ ಹಾಕಿ. ಟೈಟಲ್ ಮಗನ ಹೆಸರಿಗೆ ಆಗಿದೆಯಾ, ಇನ್ನೂ ತಂದೆಯ ಹೆಸರಿನಲ್ಲೇ ಇದೆಯಾ ಕೇಳಿ. ತಂದೆ ತೀರಿಕೊಂಡಿದ್ದು ಬೇರೆ ಮಕ್ಕಳೂ ಇದ್ದರೆ, ಇವರೊಬ್ಬರ ಸಹಿಯಿಂದ ಮಾರಬಹುದಾ ಅನ್ನುವುದು ಮೊದಲು ಇತ್ಯರ್ಥ ಆಗಲಿ. ಬೇರೆ ರಾಜ್ಯದ ಕಾರಾದ್ದರಿಂದ ಓಹಾಯೋದಲ್ಲಿ ನಂಬರ್ ತಪಾಸಣೆ ಮಾಡಿಸಬೇಕು. ಅಲ್ಲಿ ತಕರಾರು ಬಂದರೆ ದುಡ್ಡೂ ಹೋಯಿತು, ಕಾರೂ ಹೋಯಿತು. ದುಡ್ಡು ಕೊಡುವುದನ್ನು ಅವರ ಬ್ಯಾಂಕಿನಲ್ಲೇ ಕೂತು ಮಾಡಿ. ಇನ್ಶೂರೆನ್ಸ್ ಮಾಡಿಸುವಾಗ 'ಅಗ್ರೀಡ್ ವ್ಯಾಲ್ಯೂ' ಪಾಲಿಸಿಯನ್ನೇ ಕೇಳಿ. ಅಂದರೆ ಕಾರು ಪೂರ್ತಿ ಹೋದರೆ ಇಷ್ಟು ಕೊಡುತ್ತೇವೆ ಅಂತ ಮೊದಲೇ ಒಪ್ಪಿ ಬರೆದ ಮೊತ್ತ. ಮಾಮೂಲು ಪಾಲಿಸಿಯಲ್ಲಿ ಅವರ ಕಂಪ್ಯೂಟರ್‌ಗೆ ಇದು ಬರೀ ಅರವತ್ತು ವರ್ಷದ ಹಳೆ ಕಾರು.

ಇಂಡಿಯಾನಾಕ್ಕೆ ಹೊರಡುವ ಮುಂಚೆ ಮಾರುವವರಿಗೆ ಒಂದು ಫೋನ್ ಮಾಡಿ ಮೂರು ಫೋಟೊ ಕೇಳಿ: ಎಂಜಿನ್‌ನ ಆ ಸಪಾಟು ಜಾಗ, ಹಿಂದಿನ ಚಕ್ರದ ಮುಂದಿನ ಫ್ರೇಮ್, ಗ್ಲವ್ ಬಾಕ್ಸ್ ಕೆಳಗಿನ ಎರಡು ತಗಡು. ನಿಜವಾದ ಕಾರು ಇಟ್ಟುಕೊಂಡವರು ಅರ್ಧ ಗಂಟೆಯಲ್ಲಿ ಖುಷಿಯಿಂದ ಕಳಿಸುತ್ತಾರೆ. ಬಂದರೆ ನನಗೂ ಕಳಿಸಿ, ನೋಡಿ ಹೇಳುತ್ತೇನೆ. ಕಳಿಸಲು ಹಿಂದೆಮುಂದೆ ನೋಡಿದರೆ ಪೆಟ್ರೋಲ್ ಖರ್ಚು ಮಾಡಿಕೊಂಡು ಅಲ್ಲಿಗೆ ಹೋಗಬೇಡಿ.